ಕೊಳ್ಳಲು ಬಂದವನು

ಭಾತಂಬ್ರಾದ ಕೋಟೆಯ ನೆರಳಲ್ಲಿ ಕುಳಿತಾಗ ನನಗೆ ದಂಡುಗಳ ನೆನಪಾಗುತ್ತದೆ. ದಂಡಿನ ಬೆನ್ನಿಗೇ ಬರುವ ಒಂದು ವ್ಯಾಪಾರದ ನೆನಪೂ ಆಗುತ್ತದೆ. ನಮ್ಮ ಸೀಮೆಗೆ ಹತ್ತಿರದ ದೊಡ್ಡ ದಂಡು ಸಿಕಂದರಾಬಾದು. ಅಂಥ ದಂಡುಗಳಲ್ಲಿ ಗೋರಾ ಸಿಪಾಯಿಗಳ ಬಳಿಗೆ ಹೋಗುವ ಹೆಂಗಸರ ಹೆಸರನ್ನು ಪುಸ್ತಕಕ್ಕೇರಿಸಲು 1864ರಲ್ಲಿ ಕಾಯಿದೆಯಾಯಿತು. ರೋಗ ಕಂಡರೆ ಅವಳಿಗೆ ‘ಲಾಕ್ ಆಸ್ಪತ್ರೆ’. ಗಿರಾಕಿಯಾದ ಸಿಪಾಯಿಯ ಹೆಸರು ಆ ಪುಸ್ತಕದಲ್ಲಿರಲಿಲ್ಲ. 1886ರ ಸೇನಾ ಸುತ್ತೋಲೆಯಂತೂ ಹೆಂಗಸರು ಸಾಕಷ್ಟು ಮಂದಿ ಇರಲಿ, ನೋಡಲೂ ಚೆನ್ನಾಗಿರಲಿ ಎಂದಿತು!

ಇದಕ್ಕೆ ಇದಿರು ನಿಂತವರು ದೈವಭಕ್ತ ಕ್ರೈಸ್ತ ಮಹಿಳೆಯರು. ಇಂಗ್ಲೆಂಡಿನಲ್ಲಿದ್ದ ಇಂಥದೇ ಕಾಯಿದೆಯನ್ನು ಪಾದ್ರಿಯ ಪತ್ನಿ ಜೋಸೆಫಿನ್ ಬಟ್ಲರ್ ಹೋರಾಡಿ 1886ರಲ್ಲಿ ರದ್ದುಮಾಡಿಸಿದರು. ಅಮೆರಿಕದ ಕೇಟ್ ಬುಷ್ನೆಲ್, ಎಲಿಜಬೆತ್ ಆಂಡ್ರ್ಯೂ 1892ರಲ್ಲಿ ಉತ್ತರದ ದಂಡುಗಳನ್ನು ಸುತ್ತಿ, ಆ ಹೆಂಗಸರ ಬಾಯಿಂದಲೇ ಸಂಗತಿ ತಿಳಿದು, ಮರುವರ್ಷ ಲಂಡನ್ನಿನಲ್ಲಿ ಸಾಕ್ಷಿ ನುಡಿದರು. ಅಲ್ಲಗಳೆದಿದ್ದ ಸೇನಾಪತಿ ರಾಬರ್ಟ್ಸ್ ಕೊನೆಗೆ ಕ್ಷಮೆ ಕೇಳಬೇಕಾಯಿತು.

ಯೋಹಾನನ ಸುವಾರ್ತೆಯಲ್ಲಿ ಹಾದರದಲ್ಲಿ ಸಿಕ್ಕ ಹೆಣ್ಣನ್ನು ಯೇಸುವಿನ ಮುಂದೆ ಎಳೆತರುತ್ತಾರೆ. ಗಂಡು ಎಲ್ಲಿ? ಒಂದೇ ಪಾಪಕ್ಕೆ ಗಂಡಿಗೊಂದು, ಹೆಣ್ಣಿಗೊಂದು ನ್ಯಾಯ ಕೂಡದೆಂಬುದೇ ಬಟ್ಲರರ ವಾದದ ತಿರುಳು.

ಈಗ ದಂಡಿನ ಬದಲು ವಿಮಾನ ಬಂದಿದೆ. 1956ರವರೆಗೆ ನಮಗೂ ರಾಜಧಾನಿಯಾಗಿದ್ದ ಹೈದರಾಬಾದಿನ ಹತ್ತು ವರ್ಷದ ಹುಡುಗಿಯನ್ನು 1991ರಲ್ಲಿ ಅರಬ್ ಮುದುಕನೊಬ್ಬ ‘ಮದುವೆ’ಯಾಗಿ ವಿಮಾನ ಹತ್ತಿಸಿದ್ದ. ಅವಳ ಅಳು ಕಂಡು ತಡೆದವಳು ಗಗನಸಖಿ. ಮಾರಾಟವಾದವಳ ಹೆಸರು ಬರೆದದ್ದು ಸಾಕು. ಕೊಳ್ಳಲು ಬಂದವನ ಹೆಸರು ಬರೆಯೋಣ.