ಬಲ್ಮಠದ ಗುರುಪರಂಪರೆ

ಕೆನರಾ ಕರಾವಳಿಯ ಬಾಸೆಲ್ ಮಿಶನ್ ಸಭೆಯ ಚರಿತ್ರೆಯನ್ನು ಹೇಳಹೊರಟವರು ಸಾಮಾನ್ಯವಾಗಿ ಮುದ್ರಣಾಲಯ, ನೇಯ್ಗೆ, ಹೆಂಚಿನ ಕಾರ್ಖಾನೆಗಳನ್ನೇ ಮೊದಲು ಸ್ಮರಿಸುತ್ತಾರೆ. ಅವೆಲ್ಲವೂ ಸ್ಮರಣಾರ್ಹವಾದುವೇ ಸರಿ; ಆದರೂ ಈ ಸಭೆಯು ಸ್ವಂತ ಕಾಲುಗಳ ಮೇಲೆ ನಿಲ್ಲುವಂತಾದುದು ಮಂಗಳೂರಿನ ಬಲ್ಮಠದಲ್ಲಿ ತರುಣರ ಚಾರಿತ್ರ್ಯವನ್ನು ರೂಪಿಸಿದ ಗುರುಶಿಷ್ಯ ಬಾಂಧವ್ಯದಿಂದ ಎಂಬುದು ನನ್ನ ದೃಢವಾದ ನಂಬಿಕೆ.

1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಿಶನರಿಗಳು ಮಂಗಳೂರಿಗೆ ಬಂದು ನೆಲಸಿದರು. ಎರಡು ವರ್ಷಗಳ ತರುವಾಯ ಬಂದ ಹರ್ಮನ್ ಮೋಗ್ಲಿಂಗ್ ಅವರು, ಈ ನಾಡಿನ ಸಭೆಗೆ ಈ ನಾಡಿನ ತರುಣರೇ ಉಪದೇಶಿಗಳೂ ಪಾಲಕರೂ ಆಗತಕ್ಕದ್ದೆಂದು ಭಾವಿಸಿ, ಅವರ ಶಿಕ್ಷಣಕ್ಕೆ ತಮ್ಮನ್ನು ಅರ್ಪಿಸಿಕೊಂಡರು. ವಿದ್ಯಾರ್ಥಿಗಳ ನಡುವೆ ವಾಸಿಸಿ, ಅವರ ಪಾಠ, ಪ್ರಾರ್ಥನೆ, ದುಡಿಮೆಗಳಲ್ಲಿ ಸಹಭಾಗಿಯಾಗಿ, ಉಪದೇಶಿಸಿದುದನ್ನು ಮೊದಲು ತಾವೇ ಆಚರಿಸಿ ತೋರಿದ ಅವರ ಶ್ರಮದಿಂದ 1847ರಲ್ಲಿ ಬಲ್ಮಠದ ಸೆಮಿನರಿಯು ಸ್ಥಾಪಿತವಾಯಿತು.

ಈ ಬಾಂಧವ್ಯದ ಉಜ್ಜ್ವಲ ನಿದರ್ಶನ ಆನಂದರಾವ್ ಕೌಂಡಿನ್ಯರ ಜೀವನ. ಸಾರಸ್ವತ ಬ್ರಾಹ್ಮಣ ಕುಲದಲ್ಲಿ ಜನಿಸಿದ ಈ ತರುಣರು 1844ರಲ್ಲಿ ದೀಕ್ಷಾಸ್ನಾನ ಹೊಂದಿದಾಗ ಊರಿನಲ್ಲಿ ಕೋಲಾಹಲವೆದ್ದಿತು. ಕುಲದ ಆಶ್ರಯವು ತಪ್ಪಿತು. ಗುರುಗಳಾದ ಮೋಗ್ಲಿಂಗರ ಹೆಸರಿನಲ್ಲಿದ್ದ ಹರ್ಮನ್ ಎಂಬುದನ್ನು ತಮ್ಮ ಹೆಸರಿಗೆ ಸೇರಿಸಿಕೊಂಡ ಅವರು ಮುಂದೆ ಬಾಸೆಲ್ ನಗರಕ್ಕೆ ಹೋಗಿ ವ್ಯಾಸಂಗ ಮಾಡಿ, 1851ರಲ್ಲಿ ಪಾಲಕದೀಕ್ಷೆಯನ್ನು ಪಡೆದು, ಮಂಗಳೂರಿಗೆ ಮರಳಿ ತಾವೇ ತರುಣರಿಗೆ ಗುರುವಾದರು. 1853ರಲ್ಲಿ ಮೋಗ್ಲಿಂಗರು ಕೊಡಗಿಗೆ ಹೋಗಿ ಸೇವೆಗೆ ತೊಡಗಿದರು. ಅಲ್ಲಿ ಕ್ರೈಸ್ತರಾದ ದೀನ ಕೂಲಿಗಾರರಿಗೆ ಬದುಕುವ ನೆಲೆಯಾದ ಆನಂದಪುರವು ಕೌಂಡಿನ್ಯರು ಕೊಂಡ ಭೂಮಿಯಲ್ಲಿ ಮೈದಾಳಿತು. ಉಚ್ಚಕುಲದ ಗೌರವವನ್ನು ತೊರೆದವರು, ಸಮಾಜವು ಮುಟ್ಟಲೊಲ್ಲದವರ ಹಿತಕ್ಕಾಗಿ ತಮ್ಮ ಧನವನ್ನು ವಿನಿಯೋಗಿಸಿದರು. ಕ್ರೈಸ್ತ ಪುರುಷತ್ವವೆಂದರೆ ಇದೇ: ದರ್ಪವನ್ನು ತ್ಯಜಿಸಿ, ಅನ್ಯರ ಭಾರವನ್ನು ಪ್ರಸನ್ನಚಿತ್ತದಿಂದ ಹೊರುವ ಧೈರ್ಯ.

ಪರೀಕ್ಷೆಯ ಕಾಲವು 1914ರ ಮಹಾಯುದ್ಧದೊಡನೆ ಬಂದೊದಗಿತು. ಜರ್ಮನ್ ಮಿಶನರಿಗಳು ಬಂಧನಕ್ಕೊಳಗಾಗಿ ದೇಶದಿಂದ ನಿರ್ಗಮಿಸಬೇಕಾಯಿತು. ಕಾರ್ಖಾನೆಗಳು ಅನ್ಯರ ಕೈಸೇರಿದವು. ಅಂಥ ವಿಷಮ ಸನ್ನಿವೇಶದಲ್ಲಿ ಆರಾಧನೆಯು ನಿಲ್ಲದಂತೆ, ಮಂದೆಯು ಚದುರದಂತೆ ಕಾಪಾಡಿದವರು ಈ ನಾಡಿನ ಪಾಲಕರು, ಉಪದೇಶಿಗಳು ಮತ್ತು ಸಭಾಹಿರಿಯರು. ಯಂತ್ರಗಳನ್ನು ಸ್ವಾಧೀನಪಡಿಸಿಕೊಳ್ಳಬಹುದು, ಸುಶಿಕ್ಷಿತವಾದ ಅಂತಃಕರಣವನ್ನು ಯಾವ ಸರಕಾರವೂ ಕಸಿದುಕೊಳ್ಳಲಾರದು.

1965ರಲ್ಲಿ ಅದೇ ಬಲ್ಮಠದಲ್ಲಿ ಸ್ಥಾಪನೆಗೊಂಡ ಕರ್ನಾಟಕ ಥಿಯಾಲಜಿಕಲ್ ಕಾಲೇಜು ಈ ಪರಂಪರೆಯ ಉತ್ತರಾಧಿಕಾರಿಯಾಗಿದೆ. ಆದರೆ ಈ ಹೊಣೆಯನ್ನು ಕಾಲೇಜೊಂದಕ್ಕೇ ಒಪ್ಪಿಸಿ ನಾವು ನಿಶ್ಚಿಂತರಾಗಿರುವುದು ತರವಲ್ಲ. ಪೌಲನು ತಿಮೊಥೆಯನನ್ನು ಮಗನೆಂದೇ ಭಾವಿಸಿ ಪ್ರಯಾಣಗಳಲ್ಲಿ ಜೊತೆಗೂಡಿಸಿಕೊಂಡನು. ಮೋಗ್ಲಿಂಗರೂ ತಮ್ಮ ಶಿಷ್ಯರನ್ನು ಹಾಗೆಯೇ ಕಂಡರು. ನಮ್ಮ ಸಭೆಗಳ ಹಿರಿಯರು ಒಬ್ಬೊಬ್ಬ ತರುಣನನ್ನು ಹೆಸರು ಹಿಡಿದು ಕರೆದು, ವೇದಪಾಠಕ್ಕೂ ರೋಗಿಗಳ ದರ್ಶನಕ್ಕೂ ಬಡವರ ಸೇವೆಗೂ ಜೊತೆಯಲ್ಲಿ ಕರೆದೊಯ್ಯಲಿ. ಅವನು ತಪ್ಪಿದಾಗ ತಿದ್ದಲಿ, ಅಳುಕಿದಾಗ ಬೆಂಬಲವಾಗಲಿ, ಸಮರ್ಥನಾದಾಗ ಅಧಿಕಾರವನ್ನು ಸಂತೋಷದಿಂದ ಬಿಟ್ಟುಕೊಡಲಿ. ಪೂರ್ವಿಕರಿಗೆ ನಾವು ಸಲ್ಲಿಸಬೇಕಾದ ಋಣವು ಇಷ್ಟೇ, ಮತ್ತು ಇದು ಈ ತಲೆಮಾರಿನಲ್ಲಿಯೇ ಸಲ್ಲತಕ್ಕದ್ದು.