ಕಣಿವೆಗೂ ಮುಖಕ್ಕೂ ಒಂದೇ ಲೆನ್ಸ್: ಸ್ಟ್ಯಾಂಡರ್ಡ್ ಜೂಮ್ ಚರಿತ್ರೆ

ಪುಣೆಯಲ್ಲಿ ಮಳೆಗಾಲ ಬಂತು ಅಂದ್ರೆ ನಮ್ಮವರು ಕೇಳೋದು ಒಂದೇ: ಸಿಂಹಗಡದ ಕಣಿವೆಗೂ, ಊರಿಂದ ಬಂದ ಅಪ್ಪ-ಅಮ್ಮನ ಮುಖಕ್ಕೂ ಒಂದೇ ಲೆನ್ಸ್ ಸಾಕಾ? ಈ ಪ್ರಶ್ನೆಗೆ 60 ವರ್ಷ ದಾಟಿದೆ.

1959ರಲ್ಲಿ ಫೋಕ್ಟ್‌ಲೆಂಡರ್ ಕಂಪನಿ, ಫ್ರಾಂಕ್ ಬ್ಯಾಕ್ ರೂಪಿಸಿದ ಜೂಮಾರ್ ತಂದಿತು. 35 ಎಂಎಂ ಸ್ಟಿಲ್ ಕ್ಯಾಮೆರಾಗೆ ಬಂದ ಮೊದಲ ಜೂಮ್ ಅದು: 36–82 ಎಂಎಂ, ಎಫ್/2.8. ಭಾರ ಮಾತ್ರ ಜಾಸ್ತಿ. 1963ರಲ್ಲಿ ನಿಕಾನ್ 43–86 ತಂದಿತು. ಚಿಕ್ಕದಾಯ್ತು, ಆದರೆ ಅಗಲ ನೋಟ ಹೋಯ್ತು, ಬೆಳಕೂ ಎಫ್/3.5ಕ್ಕೆ ಇಳಿಯಿತು. ಕ್ಯಾನನ್‌ನಲ್ಲೂ ಅದೇ ಕಥೆ: 2002ರ 24–70 ಎಫ್/2.8, 2005ರ 24–105 ಎಫ್/4. ಒಂದು ಬೆಳಕು ಕೊಡ್ತು, ಇನ್ನೊಂದು ದೂರ ಕೊಡ್ತು.

ಈಗ ಸಣ್ಣ ಲೆಕ್ಕ. 70 ಭಾಗಿಸು 2.8 ಅಂದ್ರೆ 25. 105 ಭಾಗಿಸು 4 ಅಂದ್ರೆ ಸುಮಾರು 26. ಮುಖ ಫ್ರೇಮಿನಲ್ಲಿ ಅಷ್ಟೇ ದೊಡ್ಡದಾಗಿದ್ದರೆ, ದೂರದ ಹಿನ್ನೆಲೆ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ ಥರ ಮಸುಕಾಗುತ್ತೆ. ಕಣಿವೆಗೆ ಹೇಗೂ ಎಫ್/8 ಇಡ್ತೀವಿ. ಹಾಗಾಗಿ ಹೊರಗೆ ತಿರುಗೋರಿಗೆ 24–105 ಸಾಕು.

ಆದರೆ ಸಂಜೆ ಫ್ಲ್ಯಾಟಿನ ಟ್ಯೂಬ್‌ಲೈಟಲ್ಲಿ ಅಮ್ಮನ ಫೋಟೋ ತೆಗೆಯೋದೇ ಹೆಚ್ಚಾದರೆ, ಎರಡರಷ್ಟು ಬೆಳಕು ಬಿಡುವ ಎಫ್/2.8 ತಗೊಳ್ಳಿ. ಗಡ ಮುಂದಿನ ಮಳೆಗಾಲಕ್ಕೂ ಅಲ್ಲೇ ಇರುತ್ತೆ.