ಕೊಟ್ಟೂರು ದಾರಿ, ಬಳ್ಳಾರಿ ಮಾದರಿ

ಚಿಗಟೇರಿ ಎಂದರೆ ಹರಪನಹಳ್ಳಿ ಸೀಮೆಯವರಿಗೆ ನಾರದಮುನಿಯ ಗುಡಿ ನೆನಪಾಗುತ್ತದೆ, ದಾವಣಗೆರೆಯವರಿಗೆ ಆಸ್ಪತ್ರೆ. ದಾವಣಗೆರೆಯ ಜಿಲ್ಲಾಸ್ಪತ್ರೆಯನ್ನು ಜನ ಇಂದಿಗೂ ಈ ಊರಿನ ಹೆಸರಿನಿಂದಲೇ ಕರೆಯುತ್ತಾರೆ. ಊರು ಮಾತ್ರ ಕದಲದೆ ಕೂತಲ್ಲೇ ಮೂರು ಜಿಲ್ಲೆ ಕಂಡಿದೆ: 1997ರವರೆಗೆ ಬಳ್ಳಾರಿ, ಆಮೇಲೆ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಈ ಅಲೆದಾಟದೊಳಗೆ ನೊಂದ ಮನಸ್ಸುಗಳನ್ನು ಉಳಿಸಿಕೊಳ್ಳಲು ನಡೆದ ಪ್ರಯತ್ನಗಳ ಚರಿತ್ರೆಯೂ ಸೇರಿಕೊಂಡಿದೆ.

ಹಿಂದೆಲ್ಲ ಮನೆಯಲ್ಲಿ ಒಬ್ಬರ ಮನಸ್ಸು ಕೆಟ್ಟರೆ ಹರಕೆ ಹೊರುವುದು, ತಾಯಿತ ಕಟ್ಟಿಸುವುದು. ಅದಕ್ಕೂ ಬಗ್ಗದಿದ್ದರೆ ಧಾರವಾಡದ ಇಲ್ಲವೇ ಬೆಂಗಳೂರಿನ ಮಾನಸಿಕ ಆಸ್ಪತ್ರೆ. ಕೂಲಿ ಬಿಟ್ಟು ಅಷ್ಟು ದೂರ ಎಷ್ಟು ಸಲ ಹೋಗಲಾದೀತು? ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡರು. 1970ರ ದಶಕದಲ್ಲಿ ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ ಸಣ್ಣ ಮಟ್ಟದಲ್ಲಿ ಪ್ರಯೋಗ ಮಾಡಿದರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದನ್ನು ಇಡೀ ಜಿಲ್ಲೆಯೊಂದರಲ್ಲಿ ನಡೆಸಿ ನೋಡಲು ಅವರು ಆರಿಸಿಕೊಂಡದ್ದು ಬಳ್ಳಾರಿಯನ್ನು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲವೂ ಆಗ ಆ ಜಿಲ್ಲೆಯವೇ.

1980ರ ದಶಕದ ನಡುವಿನಿಂದ 1990ರವರೆಗೆ ನಡೆದ ಈ ಕೆಲಸದ ಹೂರಣ ಸರಳ. ಹೊಸ ಆಸ್ಪತ್ರೆ ಕಟ್ಟಲಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟರು. ಮನೆಮನೆ ಸುತ್ತುವ ಆರೋಗ್ಯ ಕಾರ್ಯಕರ್ತರಿಗೆ ಕಾಯಿಲೆ ಗುರುತಿಸುವುದನ್ನು ಕಲಿಸಿದರು. ಮುಖ್ಯವಾದ ಕೆಲವೇ ಮಾತ್ರೆಗಳನ್ನು ಹಳ್ಳಿಯ ಹತ್ತಿರಕ್ಕೆ ತಂದಿಟ್ಟರು. ಹೆಚ್ಚಿನ ಗಮನ ಇದ್ದದ್ದು ತೀವ್ರ ಮನೋರೋಗ, ಮೂರ್ಛೆರೋಗ, ಬುದ್ಧಿಮಾಂದ್ಯತೆಗಳ ಕಡೆಗೆ. ಆದರೆ ಜೀವ ಬೇಡವೆನ್ನಿಸುವ ಹಂತಕ್ಕೆ ಒಬ್ಬ ಮನುಷ್ಯ ತಲುಪುವ ಮೊದಲೇ ಅವನ ಮನೆಯ ಹೊಸ್ತಿಲಲ್ಲಿ ಯಾರಾದರೂ ನಿಂತು ವಿಚಾರಿಸಬೇಕು ಎಂಬ ತಿಳಿವಳಿಕೆ ಬೇರು ಬಿಟ್ಟದ್ದು ಇಲ್ಲೇ. 1996ರಲ್ಲಿ ದೇಶದ ನಾಲ್ಕು ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದಾಗ ಮುಂದಿಟ್ಟುಕೊಂಡದ್ದು ‘ಬಳ್ಳಾರಿ ಮಾದರಿ’ಯನ್ನೇ. ಬಿಸಿಲು, ಬರಗಳಿಗೆ ಹೆಸರಾದ ಈ ನೆಲ ದೇಶಕ್ಕೆ ಕೊಟ್ಟ ಕಾಣಿಕೆಗಳಲ್ಲಿ ಇದನ್ನು ಮೊದಲು ಎಣಿಸಬೇಕು.

ದುಡ್ಡಿನ ಮಾತು ಬೇರೆ. ಬಳ್ಳಾರಿಯದು ಸರ್ಕಾರಿ ವ್ಯವಸ್ಥೆಯ ಕೆಲಸ. ಹೊರದೇಶಗಳಲ್ಲಿ ಇಂಥ ಕೆಲಸಕ್ಕೆ ಜನ ಮೈ ದಣಿಸಿ ಹಣ ಕೂಡಿಸುತ್ತಾರೆ. 2002ರಲ್ಲಿ ಅಮೆರಿಕದಲ್ಲಿ ಆತ್ಮಹತ್ಯೆ ತಡೆಗಾಗಿ ದುಡಿಯುವ ಪ್ರತಿಷ್ಠಾನವೊಂದು ವರ್ಜೀನಿಯಾದ ಫೇರ್‌ಫ್ಯಾಕ್ಸ್‌ನಿಂದ ವಾಷಿಂಗ್ಟನ್‌ಗೆ ರಾತ್ರಿಯಿಡೀ ನಡಿಗೆ ಏರ್ಪಡಿಸಿತು. ಆಸ್ಟ್ರೇಲಿಯಾದಲ್ಲಿ 2017ರಿಂದ ಪುಷ್-ಅಪ್ ಹೊಡೆದು ಹಣ ಎತ್ತುವ ಪರಿಪಾಠ ಬೆಳೆದಿದೆ. ಗರಡಿಮನೆಯವರಿಗೆ ಅದು ಹೊಸದೇನಲ್ಲ, ನಮ್ಮ ದಂಡವೇ.

ನಡಿಗೆಯೂ ಅಷ್ಟೇ. ಮಾಘ ಮಾಸದಲ್ಲಿ ಕೊಟ್ಟೂರಿನ ಗುರುಬಸವೇಶ್ವರನ ತೇರಿಗೆ ದಾವಣಗೆರೆಯ ಕಡೆಯಿಂದ ಸಾವಿರಾರು ಜನ ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ದಾರಿಯುದ್ದಕ್ಕೂ ಮಜ್ಜಿಗೆ, ಪಾನಕ, ಪ್ರಸಾದ. ನಡೆಯುವವರು ಒಬ್ಬರು, ನೀಡುವವರು ಇನ್ನೊಬ್ಬರು. ಪಾದದ ಬೊಬ್ಬೆಗೆ ಔಷಧಿ ಹಚ್ಚುವ ಕೈಗಳೂ ಅಲ್ಲಿರುತ್ತವೆ. ಭಕ್ತಿಯ ನಡಿಗೆಯನ್ನು ಚಂದಾ ಎತ್ತುವ ನಡಿಗೆ ಎನ್ನುವುದು ತಪ್ಪಾದೀತು. ಆದರೂ ಒಂದು ಉದ್ದೇಶಕ್ಕೆ ಊರು ಒಟ್ಟಾಗಿ ಮೈ ದಣಿಸುವ, ಗುರುತಿಲ್ಲದವರ ದಣಿವನ್ನು ತನ್ನದೆಂದುಕೊಳ್ಳುವ ಅಭ್ಯಾಸ ಇಲ್ಲಿ ಯಾರೂ ಕಲಿಸದೆಯೇ ಇದೆ.

ದಾನದ ಹಣವೂ ಈ ಕಡೆ ಹರಿದಿದೆ. ದೀಪಿಕಾ ಪಡುಕೋಣೆ 2015ರಲ್ಲಿ ಸ್ಥಾಪಿಸಿದ ‘ಲಿವ್ ಲವ್ ಲಾಫ್’ ಪ್ರತಿಷ್ಠಾನ, ತನ್ನ ಗ್ರಾಮೀಣ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು 2016ರಲ್ಲಿ ಶುರುಮಾಡಿದ್ದು ದಾವಣಗೆರೆ ಜಿಲ್ಲೆಯಲ್ಲಿ. ಹರಪನಹಳ್ಳಿ ಆಗ ಅದೇ ಜಿಲ್ಲೆಯ ತಾಲ್ಲೂಕು.

2022ರ ಅಕ್ಟೋಬರ್ 10ರಂದು ‘ಟೆಲಿ ಮಾನಸ್’ ಮಾನಸಿಕ ಆರೋಗ್ಯ ಸಹಾಯವಾಣಿ ಬಂತು. ಸಂಖ್ಯೆ 14416. ಹಗಲಿರುಳು, ಖರ್ಚಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಬರುವ ಮಾಘದಲ್ಲಿ ಕೊಟ್ಟೂರು ದಾರಿಯ ಅರವಟ್ಟಿಗೆಗಳಲ್ಲಿ ಮಜ್ಜಿಗೆಯ ಕೊಡದ ಪಕ್ಕ ಈ ಐದು ಅಂಕಿಗಳನ್ನು ದೊಡ್ಡದಾಗಿ ಬರೆದಿಡಲು ಒಂದು ಹಲಗೆ, ಒಂದು ಡಬ್ಬಿ ಬಣ್ಣ ಸಾಕು.